ಎಂಟನೆಯ ಪ್ರಶ್ನೆಗೆ ಯಾರೂ ಕೊಡದ ಉತ್ತರ

ಸೋಮವಾರ ಮಧ್ಯಾಹ್ನ ಮೂರಕ್ಕೆ ನನ್ನ ಸಂಖ್ಯಾಶಾಸ್ತ್ರದ ಮಾದರಿ ಕಂಪ್ಯೂಟರಿನಲ್ಲಿ ಓಡುವುದಿಲ್ಲವೆಂದು ಹಟ ಹಿಡಿಯಿತು. ಶುಕ್ರವಾರ ಹನ್ನೆರಡಕ್ಕೆ ವರದಿ ಒಪ್ಪಿಸಬೇಕಿತ್ತು. ನಡುವೆ ಇದ್ದದ್ದು ಮೂರು ದಿನ ಮತ್ತು ನನ್ನ ಸಿಟ್ಟು.

ಕೆಲಸ ಇಷ್ಟು. ಒಂದು ದತ್ತಿ ಸಂಸ್ಥೆ ನಮ್ಮ ಜಿಲ್ಲೆಯಲ್ಲಿ ದುಡಿಯುವ ಹೆಂಗಸರ ಮೊಣಕಾಲು, ಸೊಂಟ, ಕೈಗಳ ನೋವಿಗೆ ಎರಡು ಚಿಕಿತ್ಸಾ ಕೇಂದ್ರ ತೆರೆಯುವುದಿತ್ತು. ಲೆಕ್ಕದಲ್ಲಿ ಇದ್ದದ್ದು ನಾಲ್ಕು ಊರು: ಬೆಟಗೇರಿ, ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿ. ಎರಡಕ್ಕೆ ಸಿಗುತ್ತದೆ, ಎರಡಕ್ಕೆ ಇಲ್ಲ. ಎಲ್ಲಿಯ ಹೆಂಗಸರ ಮೈ ಹೆಚ್ಚು ಸವೆದಿದೆ ಎಂದು ಅಳೆದು ಹೇಳುವ ಹೊಣೆ ಗದಗಿನ ನಮ್ಮ ಪುಟ್ಟ ಸಮೀಕ್ಷಾ ಕಚೇರಿಯದು. ಅಳೆಯುವವಳು ನಾನೊಬ್ಬಳೇ. ನನ್ನ ಮನೆ ಬೆಟಗೇರಿಯಲ್ಲಿ, ನೇಕಾರರ ಓಣಿಯಲ್ಲಿ. ಆದ್ದರಿಂದ ಎಲ್ಲಿಯೂ ನಮ್ಮೂರಿನ ಕಡೆ ವಾಲಬಾರದೆಂದು ಮೊದಲ ದಿನವೇ ನಿಶ್ಚಯಿಸಿದ್ದೆ. ಆ ನಿಶ್ಚಯದ ಬಗ್ಗೆ ನನಗೆ ತುಸು ಜಂಬವೂ ಇತ್ತೆಂದು ಈಗ ಒಪ್ಪಿಕೊಳ್ಳುತ್ತೇನೆ.

ಕಾರ್ಯಕರ್ತೆಯರು ಮನೆಮನೆಗೆ ಹೋಗಿ ಕೇಳಿದ್ದು ಹನ್ನೆರಡು ಪ್ರಶ್ನೆ, ಪ್ರತಿಯೊಂದಕ್ಕೂ ಐದು ಉತ್ತರ. ಏನೂ ತ್ರಾಸಿಲ್ಲ ಎಂದರೆ ಸೊನ್ನೆ, ಸ್ವಲ್ಪ ತ್ರಾಸು ಒಂದು, ಬಹಳ ತ್ರಾಸು ಎರಡು, ಇನ್ನೊಬ್ಬರ ಆಸರೆ ಬೇಕು ಮೂರು, ಆಗುವುದೇ ಇಲ್ಲ ನಾಲ್ಕು. ಈ ಅಂಕಗಳನ್ನು ಸುಮ್ಮನೆ ಕೂಡಿಸಿಬಿಟ್ಟರೆ ಆಗುವುದಿಲ್ಲ. ತಲೆ ಬಾಚಿಕೊಳ್ಳಲು ಆಗದಿರುವುದೂ ಮೆಟ್ಟಿಲು ಹತ್ತಲು ಆಗದಿರುವುದೂ ಒಂದೇ ತೂಕದ ಮಾತಲ್ಲ. ಅದಕ್ಕೆಂದೇ ಐಟಂ ರೆಸ್ಪಾನ್ಸ್ ಮಾದರಿ ಎಂಬುದಿದೆ. ಒಂದು ಉತ್ತರದಿಂದ ಮುಂದಿನ ಉತ್ತರಕ್ಕೆ ದಾಟಲು ಮೈ ಎಷ್ಟು ಸವೆದಿರಬೇಕು ಎಂಬ ಹೊಸ್ತಿಲನ್ನು ಅದು ಪ್ರತಿ ಪ್ರಶ್ನೆಗೂ ಲೆಕ್ಕ ಹಾಕುತ್ತದೆ. ಐದು ಉತ್ತರಗಳಿದ್ದರೆ ನಾಲ್ಕು ಹೊಸ್ತಿಲು. ಆರ್ ಎಂಬ ತಂತ್ರಾಂಶದಲ್ಲಿ ಇದಕ್ಕೆ ಸಿದ್ಧ ಪ್ಯಾಕೇಜುಗಳಿವೆ. ನಾನು ಬಳಸಿದ್ದು ಅವುಗಳಲ್ಲಿ ಒಂದು.

ಮೊದಲು ಊರೂರಿಗೆ ಬೇರೆ ಬೇರೆಯಾಗಿ ಓಡಿಸಿದ್ದೆ. ನಾಲ್ಕೂ ಓಡಿದ್ದವು. ಮುಂಡರಗಿಯದು ಓಡುವಾಗ ಕೆಳಗೆ ಸಣ್ಣದೊಂದು ಸೂಚನೆ ಬಂದಿತ್ತು. ಇಂಥ ಪ್ರಶ್ನೆಯ ಉತ್ತರಗಳ ನಡುವೆ ಅಂತರವಿತ್ತು, ಸರಿಪಡಿಸಿದ್ದೇನೆ ಎಂದು. ಸರಿಪಡಿಸಿದೆಯಲ್ಲ, ಪುಣ್ಯವಂತ ಎಂದು ಮುಂದೆ ಹೋಗಿದ್ದೆ. ಸೋಮವಾರ ನಾಲ್ಕೂ ಊರನ್ನು ಒಂದೇ ಮಾದರಿಯಲ್ಲಿ, ಊರಿಗೊಂದು ಗುಂಪಾಗಿ ಕೂಡಿಸಿ ಓಡಿಸಿದಾಗ ಅದು ನಿಂತೇಬಿಟ್ಟಿತು. ಎಲ್ಲ ಗುಂಪುಗಳಲ್ಲೂ ಒಂದೇ ಸಂಖ್ಯೆಯ ಉತ್ತರ ವರ್ಗಗಳಿಲ್ಲ ಎಂಬುದು ಅದರ ದೂರು.

ಆರ್‌ನಲ್ಲಿ ಟೇಬಲ್ ಎಂಬ ಆಜ್ಞೆ ಇದೆ. ಯಾವ ಉತ್ತರ ಎಷ್ಟು ಸಲ ಬಂದಿದೆ ಎಂದು ಎಣಿಸಿ ತೋರಿಸುತ್ತದೆ. ಅದನ್ನು ನಾನು ಮೊದಲೇ ಕೊಟ್ಟು ನೋಡಿದ್ದೆ, ತೊಂದರೆ ಕಂಡಿರಲಿಲ್ಲ. ಕಾಣದಿರಲು ಕಾರಣ ಸರಳ: ಒಂದೂ ಸಲ ಬಾರದ ಉತ್ತರಕ್ಕೆ ಅದು ಸೊನ್ನೆಯನ್ನೂ ತೋರಿಸುವುದಿಲ್ಲ, ಆ ಕಾಲಮ್ಮನ್ನೇ ನುಂಗಿಬಿಡುತ್ತದೆ. ಸೊನ್ನೆಯಿಂದ ನಾಲ್ಕರವರೆಗೆ ಇಷ್ಟು ಉತ್ತರಗಳು ಇರಬಹುದು ಎಂದು ನಾವೇ ಮೊದಲು ಪಟ್ಟಿ ಕೊಟ್ಟರೆ ಮಾತ್ರ ಖಾಲಿ ಇರುವುದು ಖಾಲಿ ಎಂದು ಕಾಣುತ್ತದೆ. ಪಟ್ಟಿ ಕೊಟ್ಟೆ. ಎರಡು ಕಡೆ ಸೊನ್ನೆ ಬಂತು.

ಒಂದು, ಮುಂಡರಗಿಯಲ್ಲಿ ನೀರಿನ ಕೊಡ ಎತ್ತುವ ಪ್ರಶ್ನೆ. ಅಲ್ಲಿ ಮೂರು ಇರಲಿಲ್ಲ, ಎರಡಿತ್ತು, ನಾಲ್ಕಿತ್ತು. ಪ್ಯಾಕೇಜು ಸರಿಪಡಿಸಿದ್ದು ಇದನ್ನೇ. ನಾಲ್ಕನ್ನು ಎತ್ತಿ ಮೂರರ ಜಾಗಕ್ಕೆ ಇಳಿಸಿತ್ತು. ಅಂದರೆ ಕೊಡ ಎತ್ತಲು ಆಗುವುದೇ ಇಲ್ಲ ಎಂದ, ಮುಂಡರಗಿ ಕಡೆಯ ಹಮ್ಮಿಗಿಯ ಹೆಂಗಸು ನನ್ನ ಲೆಕ್ಕದಲ್ಲಿ ಯಾರಾದರೂ ಕೈ ಹಚ್ಚಿದರೆ ಎತ್ತುತ್ತೇನೆ ಎಂದವಳಾಗಿದ್ದಳು. ಪುಣ್ಯವಂತ ಎಂದಿದ್ದನ್ನು ನೆನೆದು ನಾಚಿಕೆಯಾಯಿತು. ಆ ಕಡೆಯ ಫಾರ್ಮು ತುಂಬಿದ ಕಾರ್ಯಕರ್ತೆಯರಿಗೆ ಫೋನು ಮಾಡಿದೆ. ಆ ಹೆಂಗಸರು ನೀರಿಗೆ ಒಬ್ಬೊಬ್ಬರೇ ಹೋಗುತ್ತಾರೆ, ಕೈ ಹಚ್ಚಲು ಜೊತೆಗೆ ಯಾರೂ ಇರುವುದಿಲ್ಲ ಎಂದು ತಿಳಿಯಿತು. ಕಾರಣ ಗೊತ್ತಾಯಿತಲ್ಲ, ಆ ಪ್ರಶ್ನೆಯಲ್ಲಿ ಎರಡು ಮತ್ತು ಮೂರನ್ನು ನಾಲ್ಕೂ ಊರಿಗೆ ಸಮನಾಗಿ ಒಂದುಗೂಡಿಸಿದೆ. ಅಷ್ಟಕ್ಕೆ ಅದು ಬಗೆಹರಿಯಿತು.

ಇನ್ನೊಂದು ಬೆಟಗೇರಿಯದು. ಎಂಟನೆಯ ಪ್ರಶ್ನೆ: ನೆಲದ ಮೇಲೆ ಕೂತು ಮತ್ತೆ ಎದ್ದೇಳಲು ಎಷ್ಟು ತ್ರಾಸಾಗುತ್ತದೆ? ಆಗುವುದೇ ಇಲ್ಲ ಎಂದವರು ಉಳಿದ ಮೂರೂ ಊರಲ್ಲಿ ಇದ್ದರು. ಬೆಟಗೇರಿಯಲ್ಲಿ ಒಬ್ಬರೂ ಇರಲಿಲ್ಲ. ಅದು ತುದಿಯ ಉತ್ತರ, ನಡುವೆ ಅಂತರ ಬಿದ್ದಿರಲಿಲ್ಲ, ಅದಕ್ಕೇ ಮೊದಲ ಸಲ ಸೂಚನೆಯೂ ಬಂದಿರಲಿಲ್ಲ.

ನಮ್ಮ ಕಚೇರಿಯ ಮುಖ್ಯಸ್ಥರು ನಿವೃತ್ತ ಉಪನ್ಯಾಸಕರು. ತಿನ್ನಲು ಮಂಡಕ್ಕಿಯ ಗಿರ್ಮಿಟ್ ತರಿಸಿ, ನನ್ನ ಪರದೆಯ ಮುಂದೆ ಕುರ್ಚಿ ಎಳೆದುಕೊಂಡು ಕೂತರು.

“ಇಷ್ಟಕ್ಕ ಯಾಕ ತಲಿ ಕೆಡಿಸ್ಕೊಂಡೀ ತಂಗಿ? ಬೆಟಗೇರಿ ಗುಂಪಿನ್ಯಾಗ ಒಂದು ಖೊಟ್ಟಿ ಸಾಲು ಕೂಡಸು. ಎಂಟನೇದಕ್ಕ ನಾಲ್ಕು ಅಂತ ಬರಿ. ಅದರ ತೂಕ ಇಲ್ಲದಷ್ಟು ಸಣ್ಣದು ಮಾಡು. ಮಷೀನಿಗೆ ಸಮಾಧಾನ ಆಕ್ಕೈತಿ.”

“ಸರ್, ಇಲ್ಲದ ಹೆಣಮಗಳನ್ನ ಎಲ್ಲಿಂದ ತರ್ಲಿ?”

“ಹಂಗಾರ ಮೂರೂ ನಾಲ್ಕೂ ಕೂಡಿಸಿಬಿಡು. ನೀರಿನ ಕೊಡದ ಪ್ರಶ್ನಿಗೆ ಮಾಡಿದ್ಯಲ್ಲ, ಹಂಗ. ಶುಕ್ರವಾರ ಅಂದ್ರ ಶುಕ್ರವಾರ ನೋಡವಾ. ಅವರು ಮತ್ತ ದಿನ ಕೊಡೂದಿಲ್ಲ.”

ಮಂಗಳವಾರ ಹಾಗೆಯೇ ಮಾಡಿದೆ. ಎಂಟನೆಯ ಪ್ರಶ್ನೆಯಲ್ಲಿ ಆಸರೆ ಬೇಕು ಮತ್ತು ಆಗುವುದೇ ಇಲ್ಲ ಎರಡೂ ಒಂದೇ ವರ್ಗವಾದವು. ಮಾದರಿ ಗಂಟಲು ಸರಿಮಾಡಿಕೊಂಡು ಓಡಿತು. ಸಂಜೆಗೆ ನಾಲ್ಕೂ ಊರಿನ ಸರಾಸರಿ ಬಂತು. ಮುಂಡರಗಿ ಮೊದಲು, ಶಿರಹಟ್ಟಿ ಎರಡನೆಯದು, ಲಕ್ಷ್ಮೇಶ್ವರ ಮೂರು. ಬೆಟಗೇರಿ ಕೊನೆಗೆ, ಅದೂ ಬಹಳ ಹಿಂದೆ. ಮುಖ್ಯಸ್ಥರು ಬೆನ್ನು ತಟ್ಟಿದರು. ನಾನು ಚೀಲ ಹೆಗಲಿಗೇರಿಸಿ ಮನೆಗೆ ನಡೆದೆ. ನಮ್ಮೂರಿನ ಪರ ವಾಲಿಲ್ಲ ಎಂಬ ಸಮಾಧಾನ ಬರಬೇಕಿತ್ತು, ಬರಲಿಲ್ಲ.

ಬೆಟಗೇರಿಯ ಮಗ್ಗ ಗೊತ್ತಿದ್ದವರಿಗೆ ಈ ಫಲಿತಾಂಶ ಗಂಟಲಲ್ಲಿ ಇಳಿಯುವಂಥದಲ್ಲ. ನಮ್ಮದು ಕುಣಿ ಮಗ್ಗ. ನೆಲದಲ್ಲಿ ಕುಣಿ ತೋಡಿ, ಅದರೊಳಗೆ ಕಾಲು ಇಳಿಬಿಟ್ಟು, ಅಂಚಿಗೆ ಕೂತು ದಿನವಿಡೀ ತುಳಿಯಬೇಕು. ಹದಿನೈದು ಹದಿನಾರನೆಯ ವಯಸ್ಸಿನಿಂದ ಹಾಗೆ ತುಳಿದ ಹೆಂಗಸರಲ್ಲಿ ನೆಲಬಿಟ್ಟು ಏಳಲಾಗದವಳು ಒಬ್ಬಳೂ ಇಲ್ಲವೆ? ಮುಂಡರಗಿಯ ಸೊನ್ನೆಗೆ ಕಾರಣ ಹುಡುಕಿದ್ದೆ. ಬೆಟಗೇರಿಯದಕ್ಕೆ ಹುಡುಕದೇ ಒಂದುಗೂಡಿಸಿದ್ದೆ.

ಬುಧವಾರ ಬೆಳಿಗ್ಗೆ ನನ್ನ ಸಂಶಯ ಕೆಟ್ಟ ದಾರಿ ಹಿಡಿಯಿತು. ಬೆಟಗೇರಿಯ ಫಾರ್ಮುಗಳನ್ನೆಲ್ಲ ತುಂಬಿದವಳು ಒಬ್ಬಳೇ ಕಾರ್ಯಕರ್ತೆ, ಅವಳೂ ನೇಕಾರರ ಮನೆಯವಳೇ. ಮನೆಯಲ್ಲಿ ಕೂತು ಬರೆದುಬಿಟ್ಟಳೆ? ಫೋನು ಹಚ್ಚಿ ಕೇಳಿಯೇಬಿಟ್ಟೆ.

“ಅಕ್ಕಾರ, ಮನಿಯಾಗ ಕುಂತು ಬರದೀನಿ ಅಂತೀರೇನ್ರಿ? ನನ್ನ ಚಪ್ಪಲಿ ನೋಡಬರ್ರಿ. ಎರಡು ಸರ್ತಿ ಹೊಲಿಸೀನಿ ಇದೊಂದು ಕೆಲಸಕ್ಕ. ವಹಿ ತಗೊಂಡ ಬರತೀನಿ, ನೀವ ಮನಿಮನಿಗೆ ಬಂದು ಕೇಳ್ರಿ.”

ಅರ್ಧ ಗಂಟೆಯಲ್ಲಿ ಭೇಟಿಗಳನ್ನು ಬರೆದಿಟ್ಟ ವಹಿ ತಂದು ನನ್ನ ಮೇಜಿನ ಮೇಲೆ ಇಟ್ಟಳು. ಇಟ್ಟಳು ಎನ್ನುವುದಕ್ಕಿಂತ ಕುಕ್ಕಿದಳು. ಪ್ರತಿ ಐದನೆಯ ಮನೆ, ತಾರೀಖು, ಹೊತ್ತು, ಬಾಗಿಲು ಹಾಕಿದ್ದರೆ ಎಷ್ಟನೆಯ ಸಲಕ್ಕೆ ಸಿಕ್ಕರು ಎಂಬುದು, ಎಲ್ಲವೂ ಇತ್ತು. ಸುಳ್ಳು ಬರೆಯುವವರಿಗೆ ಇಷ್ಟು ವ್ಯವಧಾನ ಇರುವುದಿಲ್ಲ. ಪುಟ ತಿರುವುತ್ತಾ ಹೋದೆ. ಮೂರನೆಯ ಪುಟದಲ್ಲಿ ನಮ್ಮ ಮನೆಯ ನಂಬರು ಸಿಕ್ಕಿತು. ಮುಂದೆ ಅವಳ ದುಂಡು ಅಕ್ಷರ: ‘ನೇಕಾರರಿಲ್ಲ. ಬಿಟ್ಟಿದೆ.’

“ನಮ್ಮ ಮನಿ ಯಾಕ ಬಿಟ್ಟೀ?”

“ನಿಮ್ಮವ್ವಾರು ಮಗ್ಗ ಬಿಟ್ಟ ಐದು ವರ್ಸ ಆತಲ್ರೀ. ಈಗ ಕಂಡಿಕಿ ಸುತ್ತತಾರ.” ಲಾಳಿಯೊಳಗೆ ಇಡುವ ನೂಲಿನ ಸುರುಳಿಯೇ ಕಂಡಿಕೆ, ಅದನ್ನು ರಾಟೆಯಲ್ಲಿ ಸುತ್ತುವವರನ್ನು ನಮ್ಮ ಓಣಿಯಲ್ಲಿ ಯಾರೂ ನೇಕಾರರೆನ್ನುವುದಿಲ್ಲ. “ಮಗ್ಗಕ್ಕ ಕುಂಡ್ರವರನ್ನಷ್ಟ ಕೇಳು ಅಂತ ನೀವ ಬರದು ಕೊಟ್ಟೀರಲ್ರೀ ಅಕ್ಕಾರ. ಇಂಥಾ ಮನಿ ಭಾಳ ಅದಾವ.”

ನಾನೇ ಬರೆದುಕೊಟ್ಟಿದ್ದೆ. ಕಡತ ತೆಗೆದು ನೋಡಿದೆ. ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿಗೆ ಕೊಟ್ಟ ಸೂಚನೆ: ಮನೆಯಲ್ಲಿ ನಲವತ್ತು ದಾಟಿದ, ದುಡಿಯುವ ಎಲ್ಲ ಹೆಂಗಸರು. ಆ ಊರುಗಳ ದುಡಿಮೆ ನನಗೆ ಅಷ್ಟಾಗಿ ತಿಳಿಯದು, ಅದಕ್ಕೇ ಎಲ್ಲರನ್ನೂ ಸೇರಿಸಿದ್ದೆ. ಬೆಟಗೇರಿಗೆ ಕೊಟ್ಟದ್ದು: ಸದ್ಯ ಮಗ್ಗಕ್ಕೆ ಕೂಡುವ, ನಲವತ್ತು ದಾಟಿದ ಹೆಂಗಸರು. ನೇಕಾರರೆಂದರೆ ಯಾರು ಎಂದು ನನಗೆ ಯಾರೂ ಹೇಳಿಕೊಡಬೇಕಿರಲಿಲ್ಲವಲ್ಲ! ಪರವೂರಿನವರು ಯಾರಾದರೂ ಈ ಸೂಚನೆ ಬರೆದಿದ್ದರೆ ತಪ್ಪುತ್ತಿರಲಿಲ್ಲ. ಬರೆದವಳು ಓಣಿಯವಳು, ಓದಿದವಳೂ ಓಣಿಯವಳು. ಇಬ್ಬರಿಗೂ ಅದು ಸರಿಯಾಗಿಯೇ ಕಂಡಿತ್ತು.

ಕುಣಿಗೆ ಇಳಿಯಲು ಆಗದವಳು ಮಗ್ಗ ಬಿಡುತ್ತಾಳೆ. ಮಗ್ಗ ಬಿಟ್ಟವಳು ನನ್ನ ಪಟ್ಟಿಯಲ್ಲಿ ಇರುವುದಿಲ್ಲ. ಪಟ್ಟಿಯಲ್ಲಿರುವ ಪ್ರತಿಯೊಬ್ಬಳೂ ಕೂರಬಲ್ಲಳು, ಏಳಬಲ್ಲಳು, ಆಸರೆ ಹಿಡಿದಾದರೂ. ಹಾಗಿರುವಾಗ ಆಗುವುದೇ ಇಲ್ಲ ಎಂಬ ಐದನೆಯ ಉತ್ತರ ಎಲ್ಲಿಂದ ಬರಬೇಕು? ಮಾದರಿಯ ಹೊಸ್ತಿಲುಗಳನ್ನು ಮೂರು ದಿನ ಸರಿಪಡಿಸುತ್ತಾ ಕೂತವಳು ಬಾಗಿಲಲ್ಲೇ ಅವರನ್ನು ತಡೆದಿದ್ದೆ.

ಕಾರ್ಯಕರ್ತೆಯ ಮುಂದೆ ನಿಂತು, ತಪ್ಪು ನನ್ನದು, ನಿನ್ನನ್ನು ಅಂದದ್ದು ಇನ್ನೂ ದೊಡ್ಡ ತಪ್ಪು ಎಂದೆ. ಅವಳು ವಹಿಯ ಮೂಲೆ ಮಡಚಿದ್ದನ್ನು ಬಿಡಿಸುತ್ತಾ ನಿಂತಳು.

“ಇರ್ಲಿ ಬಿಡ್ರಿ. ಈಗ ಏನ್ ಮಾಡೂದು ಹೇಳ್ರಿ.”

ಮುಖ್ಯಸ್ಥರ ಬಳಿ ಹೋದೆ. ಅವರು ಮಂಗಳವಾರದ ಫಲಿತಾಂಶವನ್ನು ಆಗಲೇ ವರದಿಯಲ್ಲಿ ಕೂಡಿಸಿ, ಮುಖಪುಟಕ್ಕೆ ಚಿತ್ರ ಹುಡುಕುತ್ತಿದ್ದರು. ಬೆಟಗೇರಿಯಲ್ಲಿ ಬಿಟ್ಟ ಮನೆಗಳಿಗೆ ಮತ್ತೆ ಹೋಗಬೇಕು, ನಾಲ್ಕೂ ಊರಿಗೆ ಒಂದೇ ನಿಯಮವಾಗಬೇಕು ಎಂದೆ. ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

“ನಿನ್ನ ಊರು ಕಡೀಕ ಬಂತು ಅಂತ ಮತ್ತ ಎಣಿಸಾಕ ಹೊಂಟೀ ಅಂತಾರ ಮಂದಿ. ಏನ್ ಹೇಳ್ತೀ?”

ಇದೇ ಮಾತಿಗೆ ನಾನು ಮೊದಲ ದಿನದಿಂದ ಹೆದರಿದ್ದದ್ದು. “ಖರೆ ಸರ್, ಅಂತಾರ. ನನ್ನ ತಪ್ಪು ಮೊದಲ ಪುಟದಾಗ ಬರೀತೀನ್ರಿ. ನಮ್ಮ ಮನಿ ಪಟ್ಟಿನ್ಯಾಗ ಐತಿ ಅಂತನೂ ಬರೀತೀನಿ. ನಮ್ಮ ಮನಿ ಫಾರ್ಮು ತಗದು ಒಮ್ಮೆ, ಇಟ್ಟು ಒಮ್ಮೆ ಓಡಿಸಿ, ಎರಡೂ ಫಲಿತಾಂಶ ಕೊಡ್ತೀನಿ. ಆದ್ರ ಇದನ್ನ ಹಿಂಗ ಕಳಿಸಿದ್ರ ನಾ ಸಹಿ ಮಾಡೂದಿಲ್ರಿ.”

ಅವರು ಗೋಡೆಯ ಗಡಿಯಾರ ನೋಡಿದರು, ನನ್ನನ್ನು ನೋಡಿದರು. “ಗುರುವಾರ ಸಂಜಿತನಾ. ಒಂದು ತಾಸು ಹೆಚ್ಚಿಗಿ ಕೊಡೂದಿಲ್ಲ.”

ಬಿಟ್ಟ ಮನೆಗಳ ಪಟ್ಟಿ ಮಾಡಿ ಓಣಿ ಹಂಚಿಕೊಂಡೆವು. ಗುರುತಿನವರ ಮನೆಗೆ ನಾನು ಹೋಗುವಂತಿಲ್ಲ, ಆ ಕಡೆಯನ್ನೆಲ್ಲ ಅವಳೇ ವಹಿಸಿಕೊಂಡಳು. ಹೊಸ ಮನೆ ಒಂದೂ ಸೇರಿಸಲಿಲ್ಲ. ಮೊದಲೇ ಆಯ್ದ ಮನೆಗಳು, ಆದರೆ ಈ ಸಲ ನಲವತ್ತು ದಾಟಿದ, ದುಡಿಯುವ ಎಲ್ಲ ಹೆಂಗಸರು. ಮನೆಮನೆಯ ಪಡಸಾಲೆಯಲ್ಲಿ ಅವರು ಇದ್ದರು. ಸ್ಟೂಲಿನ ಮೇಲೆ, ಹಗ್ಗ ಹೆಣೆದ ಹೊರಸಿನ ಮೇಲೆ, ಎರಡು ಇಟ್ಟಿಗೆ ಏರಿಸಿದ ಮಣೆಯ ಮೇಲೆ ಕೂತು ರಾಟೆ ತಿರುಗಿಸುತ್ತಿದ್ದರು. ಒಬ್ಬರೂ ನೆಲದ ಮೇಲೆ ಇರಲಿಲ್ಲ. ಈ ಓಣಿಗಳಲ್ಲಿ ನಾನು ಹುಟ್ಟಿ ಬೆಳೆದವಳು, ದಿನಾ ಓಡಾಡುವವಳು. ಫಾರ್ಮು ಕೈಯಲ್ಲಿ ಹಿಡಿದು ನೋಡುವವರೆಗೂ ಇದು ಕಂಡಿರಲಿಲ್ಲ. “ನನ್ನ ಯಾಕ ಕೇಳ್ತೀಯವಾ, ನಾ ಏನ್ ನೇಯತೀನೇನು?” ಎಂದು ಪ್ರತಿಯೊಬ್ಬಳೂ ಕೇಳಿದಳು. ಪ್ರತಿ ಸಲವೂ ನನ್ನ ಸೂಚನೆಯ ಸಾಲನ್ನೇ ಅವರ ಬಾಯಿಂದ ಕೇಳಿದಂತಾಗುತ್ತಿತ್ತು.

ಗುರುವಾರ ಮಧ್ಯಾಹ್ನದ ಹೊತ್ತಿಗೆ ಉಳಿದದ್ದು ನಮ್ಮ ಮನೆಯೊಂದೇ. ನಾಲ್ಕಕ್ಕೆ ಹೋಗು, ನಾನು ಆಗ ಕಚೇರಿಯಲ್ಲಿರುತ್ತೇನೆ ಎಂದು ಕಾರ್ಯಕರ್ತೆಗೆ ಹೇಳಿದ್ದೆ. ಮೂರು ಗಂಟೆಗೆ ಲ್ಯಾಪ್‌ಟಾಪಿನ ಚಾರ್ಜರು ಒಯ್ಯಲು ಹಿತ್ತಲ ಬಾಗಿಲಿಂದ ಅಡುಗೆಮನೆಗೆ ಬಂದರೆ, ಪಡಸಾಲೆಯಿಂದ ಅವಳ ದನಿ. ಬೇಗ ಬಂದುಬಿಟ್ಟಿದ್ದಳು. ಅವ್ವ ಎಂದಿನಂತೆ ಬಾಗಿಲ ಬಳಿಯ ಹೊರಸಿನ ಮೇಲಿರಬೇಕು. ರಾಟೆಯ ಸದ್ದು ಕೇಳುತ್ತಿತ್ತು. ಚಪ್ಪಲಿ ಸದ್ದಾದರೆ ಅವ್ವ ಮಾತು ನಿಲ್ಲಿಸುತ್ತಾಳೆ. ಅಲ್ಲೇ ನಿಂತೆ.

ಎಂಟನೆಯ ಪ್ರಶ್ನೆ ಬಂತು.

“ಏನೂ ತ್ರಾಸಿಲ್ಲ ನೋಡವಾ,” ಎಂದಳು ಅವ್ವ.

ಸೊನ್ನೆ. ಐದು ವರ್ಷ ನಾನು ನಂಬಿದ್ದೂ ಅದನ್ನೇ. ನೂಲು ಕಾಣುವುದಿಲ್ಲ, ಕಣ್ಣು ಸೋತವು, ಮಗ್ಗ ಸಾಕು ಎಂದಿದ್ದಳು. ಕನ್ನಡಕ ಮಾಡಿಸಿಕೊಟ್ಟಿದ್ದೆ. ಊಟಕ್ಕೆ ಅಡುಗೆಮನೆಗೆ ಬಾ ಎಂದರೆ, ಇಲ್ಲೇ ಕೊಡವಾ, ಬಾಗಿಲ ಕಡೆ ಗಾಳಿ ಚಲೋ ಬರತೈತಿ ಎನ್ನುತ್ತಿದ್ದಳು. ಆದರೂ ಎರಡು ದಿನ ಓಣಿಯ ಪಡಸಾಲೆಗಳನ್ನು ನೋಡಿ ಬಂದವಳಿಗೆ ಆ ಸೊನ್ನೆ ಒಪ್ಪಿಗೆಯಾಗಲಿಲ್ಲ. ಒಳಗೆ ಹೋಗಿ ಕೇಳಿಬಿಡಲೇ? ಹೋದರೆ ಫಾರ್ಮು ಕೆಡುತ್ತದೆ, ಇಡೀ ಎರಡು ದಿನದ ಕೆಲಸಕ್ಕೆ ಕಲೆ ಹತ್ತುತ್ತದೆ. ಗೋಡೆ ಹಿಡಿದು ನಿಂತೆ.

ನಮ್ಮ ನಿಯಮದಲ್ಲಿ ಪ್ರಶ್ನೆಯನ್ನು ಇದ್ದ ಹಾಗೆಯೇ ಒಮ್ಮೆ ಮತ್ತೆ ಓದಬಹುದು. ಕಾರ್ಯಕರ್ತೆ ಓದಿದಳು. “ನೆಲದ ಮ್ಯಾಲೆ ಕುಂತು ಮತ್ತ ಎದ್ದೇಳಾಕ ಎಷ್ಟು ತ್ರಾಸ ಆಕ್ಕೈತ್ರಿ, ಯಮ್ಮಾ?”

“ನಾ ನೆಲಕ್ಕ ಕುಂಡ್ರೂದ ಇಲ್ಲಲ್ಲ. ಕುಂಡ್ರದ ಇದ್ರ ತ್ರಾಸ ಎಲ್ಲಿಂದ ಬರಬೇಕು?”

ರಾಟೆ ಇನ್ನೆರಡು ಸುತ್ತು ತಿರುಗಿ ನಿಂತಿತು.

“ಆಗೂದಿಲ್ಲ,” ಎಂದಳು ಅವ್ವ. ದನಿ ಸಣ್ಣದಾಗಿತ್ತು. “ಒಂದಿನ ಕುಣ್ಯಾಗ ಇಳದಾಕಿಗೆ ಏಳಾಕ ಬರಲಿಲ್ಲ. ಮಗಳು ಬರೂದರೊಳಗ ಏಳಬೇಕಂತ ಮಗ್ಗದ ಹಗ್ಗಾ ಹಿಡದು ಹಿಡದು ಎದ್ನಿ. ಅವತ್ತಿಂದ ಇಳದಿಲ್ಲ. ಕಣ್ಣು ಅಂತ ಹೇಳೇನಿ ಆಕಿಗೆ. ನೀ ಹೇಳಬ್ಯಾಡ ಮತ್ತ. ಆಕಿಗೆ ಮೊದಲ ಭಾಳ ಕೆಲಸ.”

ಪೆನ್ನು ಕಾಗದದ ಮೇಲೆ ಗೆರೆ ಎಳೆದ ಸದ್ದು ಕೇಳಿತೋ, ಕೇಳಿದಂತೆ ಅನಿಸಿತೋ ಹೇಳಲಾರೆ. ಚಾರ್ಜರು ಅಲ್ಲೇ ಬಿಟ್ಟು, ಬಂದ ದಾರಿಯಲ್ಲೇ ಹೊರಗೆ ಹೋದೆ. ಹಿತ್ತಲ ಗೋಡೆಗೆ ಒರಗಿ ಸ್ವಲ್ಪ ಹೊತ್ತು ಅತ್ತೆ. ಆಮೇಲೆ ಕಚೇರಿಗೆ ನಡೆದು, ಬೇರೆಯವರ ಚಾರ್ಜರು ಕೇಳಿ ಪಡೆದು, ಫಾರ್ಮುಗಳನ್ನು ಏರಿಸಲು ಕೂತೆ.

ಶುಕ್ರವಾರ ಬೆಳಿಗ್ಗೆ ಒಂಬತ್ತಕ್ಕೆ ಪಟ್ಟಿ ಕೊಟ್ಟು ಟೇಬಲ್ ನೋಡಿದೆ. ಬೆಟಗೇರಿಯ ಎಂಟನೆಯ ಪ್ರಶ್ನೆಯಲ್ಲಿ ಐದೂ ಉತ್ತರಗಳಿದ್ದವು. ಮೂರು ನಾಲ್ಕನ್ನು ಒಂದುಗೂಡಿಸಿದ ಸಾಲನ್ನು ಅಳಿಸಿ ಮಾದರಿ ಓಡಿಸಿದೆ. ಈ ಸಲ ನಿಲ್ಲಲಿಲ್ಲ. ಮುಂಡರಗಿ ಮೊದಲು, ಬೆಟಗೇರಿ ಎರಡನೆಯದು. ಅವ್ವನ ಫಾರ್ಮು ತೆಗೆದು ಓಡಿಸಿದೆ, ಕ್ರಮ ಬದಲಾಗಲಿಲ್ಲ. ಶಿರಹಟ್ಟಿ ಮೂರಕ್ಕೆ ಇಳಿದಿತ್ತು. ಶಿರಹಟ್ಟಿಗೆ ಸೇರಿದ ಮಾಗಡಿ ಕಡೆಯ ಫಾರ್ಮುಗಳ ಕಟ್ಟು ಇನ್ನೂ ನನ್ನ ಮೇಜಿನ ಮೇಲೆಯೇ ಇತ್ತು. ಮಂಗಳವಾರದಿಂದ ಶುಕ್ರವಾರದವರೆಗೆ ನನ್ನ ಲೆಕ್ಕದಲ್ಲಿ ಆ ಹೆಂಗಸರಿಗೆ ಕೇಂದ್ರವಿತ್ತು, ಅದು ಅವರಿಗೆ ಗೊತ್ತೂ ಇಲ್ಲ. ಅದರ ಕಸಿವಿಸಿ ನನಗೆ ಈಗಲೂ ಇದೆ. ಅವರ ಮೈನೋವು ಒಂದು ಕೂದಲೆಳೆಯಷ್ಟೂ ಹಗುರಾಗಿರಲಿಲ್ಲವಲ್ಲ. ಮುಖ್ಯಸ್ಥರು ನಾನು ಬರೆದ ಮೊದಲ ಪುಟವನ್ನು ಎರಡು ಸಲ ಓದಿ ಸಹಿ ಹಾಕಿದರು. ಹನ್ನೆರಡಕ್ಕೆ ಹತ್ತು ನಿಮಿಷವಿರುವಾಗ ವರದಿ ಹೋಯಿತು.

ಆ ಸಂಜೆ ಅವ್ವ ಕೇಳಿದಳು, “ನಿನ್ನ ಲೆಕ್ಕ ಆತೇನವಾ?”

“ಆತು. ನಮ್ಮ ಓಣ್ಯಾಗೂ ಕೇಂದ್ರ ಬರಬಹುದು.”

“ಬರ್ಲಿ. ಪಾಪ, ಆಗದವರಿಗೆ ಆಕ್ಕೈತಿ,” ಎಂದು ರಾಟೆಯನ್ನು ಬದಿಗಿಟ್ಟಳು.

ನಾನು ಕೇಳಿಸಿಕೊಂಡದ್ದು ಫಾರ್ಮಿನ ಮಾತು. ಫಾರ್ಮಿನ ಮಾತು ಹೊರಗೆ ಆಡುವಂತಿಲ್ಲ, ಹೇಳಿದವಳಿಗೂ ಕೂಡ. ರೊಟ್ಟಿ, ಪಲ್ಯ ಬಡಿಸಿ ಅವಳ ತಾಟು ಹೊರಸಿನ ಮೇಲಿಟ್ಟೆ. ಎಂದಿನಂತೆ ಅಡುಗೆಮನೆಯ ನೆಲಕ್ಕೆ ಹೋಗಲಿಲ್ಲ. ನನ್ನ ತಾಟನ್ನೂ ತಂದು ಅವಳ ಪಕ್ಕ ಕೂತೆ.

“ಇದೇನ ಇವತ್ತ, ಇಲ್ಲಿ ಕುಂತೀ?” ಎಂದು ಅವ್ವ ನನ್ನ ಮುಖ ನೋಡಿದಳು.

“ಗಾಳಿ ಚಲೋ ಬರತೈತಿ,” ಎಂದೆ.

ಅವ್ವ ರೊಟ್ಟಿ ಮುರಿಯುವುದನ್ನು ನಿಲ್ಲಿಸಿದಳು. ಆಮೇಲೆ ಸ್ವಲ್ಪ ಆಚೆ ಸರಿದು ನನಗೆ ಜಾಗ ಮಾಡಿಕೊಟ್ಟಳು.